ನಿಂತಲ್ಲೇ ನಡುಗುವ ಎಂಜಿನ್: ಕಾರಣ ಹುಡುಕುವ ಬಗೆ

ಹಳೇಕೋಟೆ ಹೋಬಳಿಯ ಊರುಗಳಲ್ಲಿ ಈಗ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಹಳೆಯ ಕಾರೋ ವ್ಯಾನೋ ನಿಂತಿರುವುದು ಅಪರೂಪವಲ್ಲ. ಹಾಸನದ ಮಾರುಕಟ್ಟೆಗೆ ತರಕಾರಿ ಸಾಗಿಸಲು, ಗೊಬ್ಬರ ತರಲು, ರಾಮನಾಥಪುರದ ತಂಬಾಕು ಹರಾಜಿಗೆ ಹೋಗಿಬರಲು, ರಾತ್ರಿ ಹೊತ್ತಿನಲ್ಲಿ ಹೊಳೆನರಸೀಪುರದ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯಲು ಇದೇ ಗಾಡಿ. ಹೀಗಿರುವಾಗ ಎಂಜಿನ್ ರಸ್ತೆಯಲ್ಲಿ ಓಡುವಷ್ಟು ಹೊತ್ತು ಸರಿಯಾಗಿದ್ದು, ಗಾಡಿ ನಿಲ್ಲಿಸಿದ ಕೂಡಲೇ ಗಡಗಡ ನಡುಗಿ, ಮಿಸ್ಸಿಂಗ್ ಹೊಡೆದು, ಕೊನೆಗೆ ಆರಿಹೋಗುವ ತೊಂದರೆಯನ್ನು ಅನೇಕ ರೈತರು ಹೇಳಿಕೊಳ್ಳುತ್ತಾರೆ. ‘ಐಡ್ಲಿಂಗ್ ನಿಲ್ಲುತ್ತಿಲ್ಲ’ ಎಂದು ಗ್ಯಾರೇಜಿಗೆ ಹೋದರೆ ಮೊದಲು ಪ್ಲಗ್ ಬದಲಾಗುತ್ತದೆ, ಆಮೇಲೆ ವೈರು, ಆಮೇಲೆ ಕಾರ್ಬೊರೇಟರ್. ಹಣ ಖರ್ಚಾಗುತ್ತದೆ, ನಡುಕ ಉಳಿಯುತ್ತದೆ.

ಈ ಹೋಬಳಿಯ ರೈತರೊಬ್ಬರ ವ್ಯಾನಿನಲ್ಲಿ ನಡೆದದ್ದೂ ಇದೇ. ಎರಡು ತಿಂಗಳಲ್ಲಿ ಮೂರು ಸಲ ರಿಪೇರಿಯಾಗಿತ್ತು. ಅವರು ನಮ್ಮೊಡನೆ ಮಾತನಾಡುತ್ತಾ, ‘ಈಚೆಗೆ ಬ್ರೇಕು ಬೇರೆ ಗಟ್ಟಿಯಾಗಿದೆ ಸ್ವಾಮಿ, ಕಲ್ಲು ತುಳಿದಂತಾಗುತ್ತದೆ’ ಎಂದರು. ಅದು ಬೇರೆಯದೇ ತೊಂದರೆ ಎಂದು ಅವರು ತಿಳಿದಿದ್ದರು. ಎರಡೂ ಒಂದೇ ರೋಗದ ಲಕ್ಷಣ ಎಂಬುದು ಹೇಗೆ ತಿಳಿಯಿತು ಎಂಬುದನ್ನು ಮುಂದೆ ನೋಡೋಣ.

ನಿಧಾನ ಓಟದಲ್ಲೇ ಏಕೆ?

ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ತುಳಿದಾಗ ತೆರೆಯುವುದು ಥ್ರಾಟಲ್ ಎಂಬ ಗಾಳಿಯ ಬಾಗಿಲು. ಕಾಲು ತೆಗೆದಾಗ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಬೇಕಾದಷ್ಟು ಗಾಳಿ, ಬೇಕಾದಷ್ಟು ಪೆಟ್ರೋಲ್ ಮಾತ್ರ ಒಳಗೆ ಹೋಗುತ್ತದೆ. ಬಹುತೇಕ ಕಾರುಗಳಲ್ಲಿ ಈ ವೇಗ ನಿಮಿಷಕ್ಕೆ 700ರಿಂದ 900 ಸುತ್ತು.

ಹೇಮಾವತಿ ನಾಲೆಯಲ್ಲಿ ನೀರು ತುಂಬಿ ಹರಿಯುವಾಗ ಕಾಲುವೆಯ ಬದುವಿನಲ್ಲಿ ಒಂದು ಏಡಿ ಬಿಲವಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಸರದಿಯ ಕೊನೆಯಲ್ಲಿ ಬೆರಳುಗಾತ್ರದ ನೀರು ಬರುವಾಗ ಅದೇ ಬಿಲ ಅರ್ಧ ನೀರನ್ನು ನುಂಗಿಬಿಡುತ್ತದೆ. ಎಂಜಿನ್‌ನದೂ ಇದೇ ಲೆಕ್ಕ. ಥ್ರಾಟಲ್ ತೆರೆದಿರುವಾಗ ಒಂದು ಬಿರುಕಿನಿಂದ ನುಗ್ಗುವ ಕಳ್ಳಗಾಳಿ ಗಣನೆಗೆ ಬಾರದು. ಮುಚ್ಚಿರುವಾಗ ಅದೇ ದೊಡ್ಡ ಪಾಲಾಗುತ್ತದೆ. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಇದ್ದರೆ ಉರಿ ಪೂರ್ತಿಯಾಗುತ್ತದೆ. ಗಾಳಿ ಮಿತಿಮೀರಿದರೆ ಮಿಶ್ರಣ ಹೊತ್ತಿಕೊಳ್ಳುವುದೇ ಇಲ್ಲ.

ಇನ್ನೊಂದು ಕಾರಣವೂ ಉಂಟು. ನಾಲ್ಕು ಸಿಲಿಂಡರಿನ ಎಂಜಿನ್ 800 ಸುತ್ತಿನಲ್ಲಿ ಓಡುವಾಗ ನಿಮಿಷಕ್ಕೆ 1,600 ಸಲ ಉರಿ ಹೊತ್ತುತ್ತದೆ. ಒಂದು ಸಿಲಿಂಡರ್ ಸತ್ತರೆ ಕಾಲು ಭಾಗ ಶಕ್ತಿ ಹೋಯಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಮರುವರ್ಷ ಬಂದ ಅದೇ ಕಂಪನಿಯ ವ್ಯಾನು, ಇವುಗಳಲ್ಲಿದ್ದುದು 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್. ಅದರಲ್ಲಿ ಒಂದು ಸತ್ತರೆ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ವೇಗವಾಗಿ ಓಡುವಾಗ ಫ್ಲೈವೀಲಿನ ತೂಕ ಈ ಕೊರತೆಯನ್ನು ಮುಚ್ಚಿಹಾಕುತ್ತದೆ. ನಿಧಾನ ಓಟದಲ್ಲಿ ಆ ಆಸರೆ ಸಾಲದು. ಮೂರು ಸಿಲಿಂಡರಿನ ಎಂಜಿನ್ ಆರೋಗ್ಯವಾಗಿದ್ದಾಗಲೂ ಸ್ವಲ್ಪ ನಡುಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಅದನ್ನು ರೋಗವೆಂದು ತಿಳಿದು ಸ್ಕ್ರೂ ತಿರುಗಿಸಿ ಕೆಡಿಸಿಕೊಂಡವರಿದ್ದಾರೆ.

ಮೊದಲು ಕಿವಿ, ಆಮೇಲೆ ಸ್ಪ್ಯಾನರು

ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿ ಬೀಳುವವರೆಗೆ ಗೊತ್ತಾಗುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಚಕ್ರಕ್ಕೆ ಕಲ್ಲು ಕೊಡಿ. ಪಂಚೆ, ಟವೆಲು ಫ್ಯಾನಿಗೆ ಸಿಕ್ಕದಂತೆ ಕಟ್ಟಿಕೊಳ್ಳಿ.

ಸೈಲೆನ್ಸರಿನ ಬಾಯಿಗೆ ಒಂದು ಗೇಣು ದೂರದಲ್ಲಿ ಹಳೆಯ ಕಾಗದದ ತುಂಡನ್ನು ಹಿಡಿದು ನೋಡಿ. ಕಾಗದ ಒಂದೇ ಸಮನೆ ಹೊರಕ್ಕೆ ಬಡಿದುಕೊಂಡರೆ ಎಲ್ಲ ಸಿಲಿಂಡರುಗಳೂ ಕೆಲಸ ಮಾಡುತ್ತಿವೆ. ತಾಳ ತಪ್ಪದೆ, ಲೆಕ್ಕವಿಟ್ಟಂತೆ ಒಂದು ಬಡಿತ ಬಿಟ್ಟುಹೋಗುತ್ತಿದ್ದರೆ ಒಂದೇ ಸಿಲಿಂಡರಿನಲ್ಲಿ ದೋಷ. ಬಡಿತ ಮನಬಂದಂತೆ ತಪ್ಪುತ್ತಿದ್ದರೆ ದೋಷ ಎಲ್ಲ ಸಿಲಿಂಡರುಗಳಿಗೂ ಸೇರಿದ ಕಡೆ, ಅಂದರೆ ಗಾಳಿಯಲ್ಲಿ, ಪೆಟ್ರೋಲಿನಲ್ಲಿ ಅಥವಾ ಕಿಡಿ ಹಂಚುವ ಭಾಗದಲ್ಲಿ ಇದೆ ಎಂದು ಶಂಕಿಸಬಹುದು. ಆಗಾಗ್ಗೆ ಕಾಗದ ಒಳಕ್ಕೆ ಸೆಳೆದುಕೊಂಡರೆ ಎಗ್ಸಾಸ್ಟ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲವೆಂಬ ಅನುಮಾನಕ್ಕೆ ಎಡೆಯಿದೆ. ಶಬ್ದ, ಬಡಿತ ಎರಡೂ ಸಮವಾಗಿದ್ದು ಗಾಡಿ ಮಾತ್ರ ಅಲುಗಾಡುತ್ತಿದ್ದರೆ ಎಂಜಿನ್ ಕೂರಿಸಿರುವ ರಬ್ಬರ್ ಮೌಂಟಿಂಗ್ ಹರಿದಿದೆಯೇ ನೋಡಬೇಕು. ಎಂಜಿನ್ ಒಳಗೆ ಕೈಹಾಕುವ ಅಗತ್ಯವೇ ಇಲ್ಲ.

ನಡುಕ ಯಾವಾಗ ಎಂಬುದನ್ನೂ ಗಮನಿಸಬೇಕು. ಬೆಳಿಗ್ಗೆ ತಣ್ಣಗಿರುವಾಗ ಮಾತ್ರವೇ, ಬಿಸಿಯಾದ ಮೇಲೆಯೇ, ಮಳೆಯ ದಿನವೇ, ಹೆಡ್‌ಲೈಟ್ ಹಾಕಿದಾಗಲೇ, ಬ್ರೇಕ್ ತುಳಿದಾಗಲೇ? ಈ ಉತ್ತರಗಳನ್ನು ಬರೆದುಕೊಂಡು ಮೆಕ್ಯಾನಿಕ್ ಬಳಿಗೆ ಹೋದರೆ ಅವನ ಅರ್ಧ ಕೆಲಸ ಉಳಿಯುತ್ತದೆ. ಆಡುಭಾಷೆಯಲ್ಲಿ ‘ಗಾಡಿ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಅವನೂ ಊಹೆಯ ಮೇಲೆ ಕೈಹಾಕಬೇಕಾಗುತ್ತದೆ.

ಸೋತ ಸಿಲಿಂಡರನ್ನು ಗುರುತಿಸುವುದು

ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿಗಳಲ್ಲಿ ಒಂದೊಂದೇ ಪ್ಲಗ್ ವೈರನ್ನು ಕ್ಷಣಕಾಲ ಕಳಚಿ ನೋಡುವ ಪದ್ಧತಿ ಇದೆ. ಕೆಲಸ ಮಾಡುತ್ತಿರುವ ಸಿಲಿಂಡರಿನ ವೈರು ತೆಗೆದರೆ ಎಂಜಿನ್ ಇನ್ನೂ ಕುಗ್ಗುತ್ತದೆ. ತೆಗೆದರೂ ಏನೂ ವ್ಯತ್ಯಾಸವಾಗದಿದ್ದರೆ ಅದೇ ಸೋತ ಸಿಲಿಂಡರು. ಬರಿಗೈಯಲ್ಲಿ ಮುಟ್ಟಬಾರದು, ದಪ್ಪ ರಬ್ಬರ್ ಹಿಡಿಯ ಇಕ್ಕಳ ಬೇಕು. ಎಂಜಿನ್ ಆರಿಸಿ ವೈರು ತೆಗೆದು, ಅದನ್ನು ಒಂದು ಹಳೆಯ ಪ್ಲಗ್ಗಿಗೆ ಸಿಕ್ಕಿಸಿ, ಆ ಪ್ಲಗ್ಗಿನ ಮೈಯನ್ನು ಎಂಜಿನ್‌ನ ಕಬ್ಬಿಣಕ್ಕೆ ತಾಗಿಸಿಟ್ಟು ಮತ್ತೆ ಸ್ಟಾರ್ಟ್ ಮಾಡುವುದು ಇನ್ನೂ ಸುರಕ್ಷಿತ.

ಪೆಟ್ರೋಲ್ ಇಂಜೆಕ್ಷನ್ ಇರುವ ಈಚಿನ ಕಾರುಗಳಲ್ಲಿ ಈ ಪ್ರಯೋಗ ಬೇಡ. ಅವುಗಳ ಕಾಯಿಲಿನ ವಿದ್ಯುತ್ತು ಬಹಳ ಜೋರು. ತೂಗುಬಿಟ್ಟ ವೈರಿನಿಂದ ಕಾಯಿಲೇ ಸುಡಬಹುದು. ಉರಿಯದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿರುವ ಕೆಟಲಿಟಿಕ್ ಕನ್ವರ್ಟರಿಗೆ ಸೇರಿ ಅದನ್ನು ಕಾಯಿಸಿ ಹಾಳುಮಾಡುತ್ತದೆ. ಅಂಥ ಗಾಡಿಯಲ್ಲಿ ಇಂಜೆಕ್ಟರಿನ ವಿದ್ಯುತ್ ಕನೆಕ್ಟರನ್ನು ಕಳಚಿ ನೋಡಬೇಕು. ಅದಕ್ಕಿಂತ ಸುಲಭವಾದುದು ಸ್ಕ್ಯಾನರ್. ಡ್ಯಾಷ್‌ಬೋರ್ಡಿನ ಎಂಜಿನ್ ದೀಪ ಹೊತ್ತಿದ್ದರೆ ಕಂಪ್ಯೂಟರಿನಲ್ಲಿ ದೋಷದ ಸಂಖ್ಯೆ ದಾಖಲಾಗಿರುತ್ತದೆ. ಪಿ0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0302 ಎಂದರೆ ಎರಡನೆಯದರಲ್ಲಿ. ಪಿ0300 ಎಂದರೆ ಯಾವುದೆಂದು ನಿಶ್ಚಿತವಿಲ್ಲ. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ. ಸಂಖ್ಯೆ ರೋಗದ ಲಕ್ಷಣವನ್ನು ಹೇಳುತ್ತದೆಯೇ ಹೊರತು ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ. ಆ ದೀಪ ಮಿನುಗುತ್ತಿದ್ದರೆ ಗಾಡಿ ಓಡಿಸುವುದನ್ನು ನಿಲ್ಲಿಸುವುದು ಲೇಸು.

ಪ್ಲಗ್ಗಿನ ಮುಖ

ಪ್ಲಗ್ಗುಗಳನ್ನು ಕಳಚಿದಾಗ ಯಾವುದು ಯಾವ ಸಿಲಿಂಡರಿನದು ಎಂದು ಗುರುತಿಟ್ಟು ಒಂದು ಹಲಗೆಯ ಮೇಲೆ ಸಾಲಾಗಿ ಇಡಿ. ತೆಳು ಕಂದು ಬಣ್ಣವಿದ್ದರೆ ಉರಿ ಸರಿಯಾಗಿದೆ. ಒಣಗಿದ ಕರಿ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಜಿಡ್ಡುಜಿಡ್ಡಾದ ಕಪ್ಪಾದರೆ ಎಂಜಿನ್ ಆಯಿಲ್ ಮೇಲೇರುತ್ತಿದೆ. ರಿಂಗುಗಳೋ ವಾಲ್ವ್ ಗೈಡುಗಳೋ ಸವೆದಿವೆ. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿ ಕಾವು ಏರಿದೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಅಲ್ಲಿ ಕಿಡಿಯೇ ಬಂದಿಲ್ಲ.

ಬಣ್ಣಕ್ಕಿಂತ ಹೋಲಿಕೆ ಮುಖ್ಯ. ಎಲ್ಲ ಪ್ಲಗ್ಗುಗಳೂ ಒಂದೇ ರೀತಿ ಕಪ್ಪಾಗಿದ್ದರೆ ಕಾರ್ಬೊರೇಟರ್ ಕಡೆ ನೋಡಿ. ಒಂದು ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರಿನ ಪ್ಲಗ್, ವೈರು, ವಾಲ್ವ್ ಇವುಗಳಲ್ಲಿ ಹುಡುಕಿ. ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡುವುದು ಕಾಸಿಲ್ಲದ ಪರೀಕ್ಷೆ: ದೋಷ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ಗೇ ಕೆಟ್ಟಿದೆ, ಹಳೆಯ ಜಾಗದಲ್ಲೇ ಉಳಿದರೆ ಪ್ಲಗ್ ನಿರ್ದೋಷಿ. ಸಂದಿನ ಅಳತೆಯನ್ನು ಫೀಲರ್ ಗೇಜಿನಿಂದ ನೋಡಬೇಕು. ಹಳೆಯ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್, ಹೊಸವುಗಳಲ್ಲಿ 1 ಮಿಲಿಮೀಟರಿನ ಆಸುಪಾಸು. ಗಾಡಿಯ ಪುಸ್ತಕದಲ್ಲಿರುವುದೇ ಅಂತಿಮ.

ಮಳೆಗಾಲದಲ್ಲಿ, ಅದರಲ್ಲೂ ಸಕಲೇಶಪುರದ ಕಡೆ ಹೋಗಿಬಂದ ಗಾಡಿಗಳಲ್ಲಿ, ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಸೇರಿ ಕಿಡಿ ದಾರಿ ತಪ್ಪುವುದುಂಟು. ಒಣಬಟ್ಟೆಯಿಂದ ಒರೆಸಿ, ಮುಚ್ಚಳದಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಇದೆಯೇ ನೋಡಿ. ಕತ್ತಲಾದ ಮೇಲೆ ಬಾನೆಟ್ ಎತ್ತಿ ಎಂಜಿನ್ ಓಡಿಸಿದರೆ ಸೀಳಿದ ವೈರುಗಳಿಂದ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಹುಲ್ಲಿನ ಮೆದೆಯ ಬಳಿ ಗಾಡಿ ನಿಲ್ಲಿಸುವವರು ಇಲಿ ಕಡಿದ ವೈರುಗಳನ್ನೂ ಹುಡುಕಬೇಕು. ಇದು ನಗರದ ಮೆಕ್ಯಾನಿಕ್‌ಗೆ ಬೇಗ ಹೊಳೆಯದ ಕಾರಣ.

ಕಳ್ಳಗಾಳಿ

ಥ್ರಾಟಲಿನ ಕೆಳಗೆ, ಎಂಜಿನ್ ಗಾಳಿಯನ್ನು ಹೀರಿಕೊಳ್ಳುವ ಮ್ಯಾನಿಫೋಲ್ಡಿನಲ್ಲಿ, ನಿಧಾನ ಓಟದಲ್ಲಿ ಬಲವಾದ ಹೀರಿಕೆ ಇರುತ್ತದೆ. ಅಲ್ಲಿಂದ ಹೊರಡುವ ರಬ್ಬರ್ ಪೈಪುಗಳಲ್ಲಿ ಎಲ್ಲಿ ಬಿರುಕು ಬಿಟ್ಟರೂ ಹೊರಗಿನ ಗಾಳಿ ನುಗ್ಗುತ್ತದೆ. ಇಲ್ಲಿಯೇ ಹೆಚ್ಚಿನವರು ಸೋಲುವುದು, ಏಕೆಂದರೆ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಪೈಪಿನ ತಳಭಾಗದಲ್ಲೋ, ಕ್ಲಿಪ್ಪಿನ ಅಡಿಯಲ್ಲೋ ಅಡಗಿರುತ್ತದೆ.

ಒಂದು ಮೊಳ ಉದ್ದದ ರಬ್ಬರ್ ಕೊಳವೆ ತೆಗೆದುಕೊಳ್ಳಿ. ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಕೀಲುಗಳ ಹತ್ತಿರ ನಿಧಾನವಾಗಿ ಸರಿಸುತ್ತಾ ಹೋಗಿ. ಬುಸ್ ಎಂಬ ಶಬ್ದ ಕೇಳಿದಲ್ಲಿ ಗಾಳಿ ಒಳಗೆ ಹೋಗುತ್ತಿದೆ. ಆಮೇಲೆ ಒಂದೊಂದೇ ಪೈಪನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಮ್ಯಾನಿಫೋಲ್ಡಿನ ಹತ್ತಿರ ಹಿಸುಕಿ ನೋಡಿ. ಹಿಸುಕಿದಾಗ ಎಂಜಿನ್ ಸರಿಹೋದರೆ ತೂತು ಅದರಿಂದಾಚೆಗೆ ಇದೆ. ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಇವುಗಳ ಸುತ್ತ ಕೈ ಸ್ಪ್ರೇಯರಿನಿಂದ ಸಣ್ಣಗೆ ನೀರು ಚಿಮುಕಿಸಿದರೆ, ಸೋರುವ ಜಾಗಕ್ಕೆ ನೀರು ತಾಗಿದ ಕ್ಷಣ ಎಂಜಿನ್‌ನ ಶಬ್ದ ಬದಲಾಗುತ್ತದೆ. ಪ್ಲಗ್, ಡಿಸ್ಟ್ರಿಬ್ಯೂಟರ್ ಮತ್ತು ವೈರುಗಳ ಮೇಲೆ ಮಾತ್ರ ನೀರು ಬೀಳಬಾರದು. ಕೆಲವರು ಈ ಪರೀಕ್ಷೆಗೆ ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಅದು ಬೆಂಕಿಗೆ ಆಹ್ವಾನ. ಔಷಧಿ ಹೊಡೆದ ಸ್ಪ್ರೇಯರನ್ನೂ ಬಳಸಬಾರದು.

ಈ ಪೈಪುಗಳಲ್ಲಿ ಅತಿ ದಪ್ಪನೆಯದು ಬ್ರೇಕ್ ಬೂಸ್ಟರಿಗೆ ಹೋಗುತ್ತದೆ. ಎಂಜಿನ್‌ನ ಹೀರಿಕೆಯ ಬಲದಿಂದಲೇ ಬೂಸ್ಟರ್ ನಮ್ಮ ಕಾಲಿಗೆ ನೆರವಾಗುವುದು. ಆ ಪೈಪು ಸೀಳಿದರೆ ಎಂಜಿನ್ ನಡುಗುತ್ತದೆ, ಬ್ರೇಕಿಗೆ ನೆರವು ತಪ್ಪಿ ಪೆಡಲು ಗಟ್ಟಿಯಾಗುತ್ತದೆ. ಆ ವ್ಯಾನಿನಲ್ಲಿ ಆದದ್ದು ಇದೇ. ಪೈಪನ್ನು ಹಿಸುಕಿದೊಡನೆ ನಡುಕ ನಿಂತಿತು. ಎರಡು ತಿಂಗಳು ಅವರು ಮೂಟೆ ಹೇರಿಕೊಂಡು ಅರ್ಧ ಬ್ರೇಕಿನಲ್ಲಿ ಓಡಾಡಿದ್ದರು. ನಡುಗುವ ಎಂಜಿನ್ ಬರೀ ಕಿರಿಕಿರಿಯ ವಿಷಯವೆಂದು ತಿಳಿಯಬಾರದೆಂಬುದಕ್ಕೆ ಇದನ್ನು ಇಷ್ಟು ವಿವರವಾಗಿ ಬರೆಯಬೇಕಾಯಿತು. ಬೂಸ್ಟರನ್ನು ನೀವೇ ಪರೀಕ್ಷಿಸಬಹುದು: ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ; ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲು ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಆ ಗಾಡಿಯಲ್ಲಿ ಹೊರೆ ಹೇರಬೇಡಿ.

ವ್ಯಾಕ್ಯೂಮ್ ಗೇಜ್ ಇರುವ ಗ್ಯಾರೇಜಿನಲ್ಲಿ ಹೀರಿಕೆಯನ್ನು ಅಳೆಯಬಹುದು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ 17ರಿಂದ 21 ಅಂಗುಲ ಪಾದರಸ ತೋರಿಸುತ್ತದೆ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದು ಅಂಗುಲ ಕಡಿಮೆಯಾಗುತ್ತದೆ. ನಮ್ಮ ಹಾಸನ ಸೀಮೆ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ 14ರಿಂದ 18 ಬಂದರೆ ಸರಿಯೇ. ಇದನ್ನು ಅರಿಯದೆ ಪುಸ್ತಕದ ಅಂಕಿಗೆ ಹೋಲಿಸಿ ಎಂಜಿನ್ ಬಿಚ್ಚುವುದು ತಪ್ಪು. ಮುಳ್ಳು ಕೆಳಗಿನ ಅಂಕಿಯಲ್ಲಿ ಸ್ಥಿರವಾಗಿ ನಿಂತರೆ ಕಳ್ಳಗಾಳಿ ಅಥವಾ ತಡವಾದ ಟೈಮಿಂಗ್. ಲೆಕ್ಕವಿಟ್ಟಂತೆ ಪದೇ ಪದೇ ಕೆಳಕ್ಕೆ ಬೀಳುತ್ತಿದ್ದರೆ ಒಂದು ವಾಲ್ವಿನ ದೋಷ.

ಪೆಟ್ರೋಲಿನ ದಾರಿ

ಕಾರ್ಬೊರೇಟರಿನಲ್ಲಿ ನಿಧಾನ ಓಟಕ್ಕೆಂದೇ ಬೇರೆ ಸಣ್ಣ ಜೆಟ್ ಇರುತ್ತದೆ. ಅದರ ತೂತು ಸೂಜಿಮೊನೆಯಷ್ಟು. ಕಸ ಸಿಕ್ಕಿಕೊಂಡರೆ ಎಂಜಿನ್ ರೇಸ್ ಮಾಡಿದಾಗ ಸರಿಯಾಗಿದ್ದು, ಬಿಟ್ಟೊಡನೆ ಆರುತ್ತದೆ. ಚೋಕ್ ಎಳೆದರೆ ಉಸಿರಾಡುತ್ತದೆ. ಈ ಎರಡು ಲಕ್ಷಣ ಒಟ್ಟಿಗೆ ಕಂಡರೆ ಜೆಟ್ಟನ್ನು ಕಳಚಿ ಪಂಪಿನ ಗಾಳಿಯಿಂದ ಊದಿ ಶುದ್ಧಮಾಡಬೇಕು. ತಂತಿ ತೂರಿಸಿದರೆ ತೂತು ದೊಡ್ಡದಾಗಿ ಅಳತೆ ಕೆಡುತ್ತದೆ. ಕಳ್ಳಗಾಳಿಯಲ್ಲೂ ಚೋಕ್ ಎಳೆದಾಗ ಎಂಜಿನ್ ಸುಧಾರಿಸುವುದುಂಟು. ಆದ್ದರಿಂದ ಪೈಪುಗಳ ಪರೀಕ್ಷೆ ಮೊದಲು ಆಗಬೇಕು.

ಇಂಜೆಕ್ಷನ್ ಗಾಡಿಗಳಲ್ಲಿ ಜೆಟ್ಟಿನ ಬದಲು ಥ್ರಾಟಲಿನ ಅಂಚಿನಲ್ಲಿ ಕಟ್ಟುವ ಮಸಿ, ಐಡಲ್ ವಾಲ್ವಿನ ಕೊಳೆ ಇವು ಸಾಮಾನ್ಯ ಕಾರಣ. ಅದಕ್ಕೆಂದೇ ಇರುವ ಕ್ಲೀನರಿನಿಂದ ಒರೆಸಿದರೆ ಎಷ್ಟೋ ವೇಳೆ ಸಾಕಾಗುತ್ತದೆ.

ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದರೆ ಅದರೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಳೆಯ ಗಾಡಿಗಳ ರಬ್ಬರ್ ಪೈಪುಗಳು ಇದಕ್ಕಾಗಿ ತಯಾರಾದವಲ್ಲ; ಉಬ್ಬಿ, ಪುಡಿ ಬಿಟ್ಟು ಜೆಟ್ ಕಟ್ಟಿಸಬಹುದು. ತಿಂಗಳಿಗೊಮ್ಮೆ ಮಾತ್ರ ಹೊರತೆಗೆಯುವ ಗಾಡಿಯಲ್ಲಿ ಫಿಲ್ಟರನ್ನೂ ಪೈಪನ್ನೂ ಆಗಾಗ್ಗೆ ನೋಡುತ್ತಿರಬೇಕು. ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ಹುರುಳಿ, ರಾಗಿ ಹರಡುವ ವಾಡಿಕೆಯಿಂದ ಏರ್ ಫಿಲ್ಟರಿಗೆ ಹೊಟ್ಟು ಸೇರುತ್ತದೆ. ಗಾಡಿಯ ಅಡಿಯಲ್ಲಿ ಸುತ್ತಿಕೊಂಡ ಹುರುಳಿ ಬಳ್ಳಿ ಬಿಸಿ ಸೈಲೆನ್ಸರಿಗೆ ತಾಗಿ ಬೆಂಕಿ ಹೊತ್ತುವ ಅಪಾಯ ಬೇರೆ.

ಇವೆಲ್ಲ ಸರಿಯಿದ್ದೂ ನಡುಕ ಉಳಿದರೆ

ಆಗ ಎಂಜಿನ್‌ನ ಒಳಗನ್ನು ಶಂಕಿಸಬೇಕು. ವಾಲ್ವ್ ಸಂದು ತೀರ ಕಡಿಮೆಯಾದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬೆಳಿಗ್ಗೆ ಚೆನ್ನಾಗಿದ್ದು, ಹತ್ತು ಮೈಲಿ ಓಡಿದ ಮೇಲೆ ನಡುಗುವ ಗಾಡಿಗೆ ಇದು ಒಂದು ಮುಖ್ಯ ಕಾರಣ. ಟಿಕ್ ಟಿಕ್ ಎಂಬ ಸದ್ದು ಕೇಳಬಾರದೆಂದು ಸಂದನ್ನು ಬಿಗಿಮಾಡಿಸುವುದು ತಪ್ಪು ಅಭ್ಯಾಸ. ಸದ್ದು ಮಾಡುವ ವಾಲ್ವಿಗಿಂತ ಸದ್ದೇ ಇಲ್ಲದ ಬಿಗಿ ವಾಲ್ವ್ ಬೇಗ ಸುಡುತ್ತದೆ.

ಕಂಪ್ರೆಷನ್ ಗೇಜಿನಿಂದ ಎಲ್ಲ ಸಿಲಿಂಡರುಗಳನ್ನೂ ಅಳೆಯಿಸಿ. ಅತಿ ಕಡಿಮೆ ಇರುವುದು ಅತಿ ಹೆಚ್ಚಿರುವುದರ ಮುಕ್ಕಾಲು ಪಾಲಿಗಿಂತ ಕೆಳಗಿದ್ದರೆ ಐಡ್ಲಿಂಗ್ ಎಂದೂ ನಿಲ್ಲದು. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವ್ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳೂ ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಇಲ್ಲಿಂದ ಮುಂದೆ ಅನುಭವಿ ಮೆಕ್ಯಾನಿಕ್‌ನ ಕೆಲಸ.

ಟ್ರಾಕ್ಟರ್, ಟಿಲ್ಲರ್ ಇರುವವರಿಗೆ ಒಂದು ಮಾತು. ಡೀಸೆಲ್ ಎಂಜಿನ್‌ನಲ್ಲಿ ಪ್ಲಗ್ ಇಲ್ಲ. ಕಿಡಿಯ ಪ್ರಶ್ನೆ ಬರುವುದಿಲ್ಲ. ವೇಗ ತಾನಾಗಿ ಏರಿಳಿಯುತ್ತಿದ್ದರೆ ಮೊದಲು ಡೀಸೆಲ್ ದಾರಿಯಲ್ಲಿ ಸೇರಿದ ಗಾಳಿಯನ್ನು ಬಿಡಿಸಿ, ಫಿಲ್ಟರ್ ನೋಡಿ, ಆಮೇಲೆ ಗವರ್ನರ್. ಹಳೆಯ ಮಾದರಿಯ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಸೋತ ಸಿಲಿಂಡರನ್ನು ಗುರುತಿಸುತ್ತಾರೆ. ಚಿಮ್ಮುವ ಡೀಸೆಲಿಗೆ ಬೆರಳು ಅಡ್ಡ ಹಿಡಿಯಬಾರದು. ಅದು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಕಾಮನ್ ರೈಲ್ ಎಂಬ ಹೊಸ ಪದ್ಧತಿಯ ಎಂಜಿನ್‌ನಲ್ಲಿ ಈ ನಟ್ಟುಗಳನ್ನು ಮುಟ್ಟಲೇಬಾರದು. ಅಲ್ಲಿಯ ಒತ್ತಡ ಪ್ರಾಣಾಪಾಯಕರ.

ಐಡಲ್ ಸ್ಕ್ರೂ ಕೊನೆಗೆ

ಕಾರ್ಬೊರೇಟರಿನ ಎರಡು ಸ್ಕ್ರೂಗಳನ್ನು ತಿರುಗಿಸುವುದು ಎಲ್ಲಕ್ಕಿಂತ ಸುಲಭ. ಆದ್ದರಿಂದಲೇ ಎಲ್ಲರೂ ಅಲ್ಲಿಂದ ಆರಂಭಿಸುತ್ತಾರೆ. ಬೇರೆ ದೋಷ ಇರುವಾಗ ಸ್ಕ್ರೂ ತಿರುಗಿಸಿದರೆ ರೋಗ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ. ಎಲ್ಲ ಪರೀಕ್ಷೆ ಮುಗಿದ ಮೇಲೆ, ಎಂಜಿನ್ ಚೆನ್ನಾಗಿ ಬಿಸಿಯಾದಾಗ, ಮೊದಲಿದ್ದ ಸ್ಥಾನವನ್ನು ಗುರುತು ಮಾಡಿಕೊಂಡು, ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಂತೆ ನಿಧಾನವಾಗಿ ತಿರುಗಿಸಿ. ಎಂಜಿನ್ ಅತ್ಯಂತ ನಯವಾಗಿ, ಅತಿ ವೇಗವಾಗಿ ಓಡುವ ಜಾಗದಲ್ಲಿ ಬಿಟ್ಟು, ಆಮೇಲೆ ಥ್ರಾಟಲ್ ಸ್ಕ್ರೂವಿನಿಂದ ವೇಗವನ್ನು ಪುಸ್ತಕದ ಅಂಕಿಗೆ ಇಳಿಸಬೇಕು. ಮಿಶ್ರಣದ ಸ್ಕ್ರೂವನ್ನು ಬಲವಾಗಿ ಬಿಗಿದರೆ ಅದರ ಮೊನೆ ಕೆಡುತ್ತದೆ.

ಆ ವ್ಯಾನಿಗೆ ಹೊಸ ಪೈಪು ಹಾಕಿದ ದಿನ ಎಂಜಿನ್ ಸ್ಟಾರ್ಟ್ ಆದೊಡನೆ ಹುಚ್ಚು ಹಿಡಿದಂತೆ ರೇಸ್ ಆಯಿತು. ಎರಡು ತಿಂಗಳಲ್ಲಿ ಯಾರು ಯಾರೋ ನಡುಕ ಮುಚ್ಚಲು ಥ್ರಾಟಲ್ ಸ್ಕ್ರೂವನ್ನು ಒಂದೂವರೆ ಸುತ್ತು ಬಿಗಿದಿದ್ದರು. ಅದನ್ನು ಹಿಂದಕ್ಕೆ ತಿರುಗಿಸಿ 850ಕ್ಕೆ ತಂದು, ಬಾನೆಟ್ ಮೇಲೆ ಒಂದು ಲೋಟ ನೀರಿಟ್ಟು ನೋಡಿದೆವು. ನೀರಿನ ಅಂಚು ಅದುರುತ್ತಿತ್ತು, ಚೆಲ್ಲಲಿಲ್ಲ. ಮೂರು ಸಿಲಿಂಡರಿನ ಎಂಜಿನ್‌ಗೆ ಅಷ್ಟು ಸಾಕು.